ಸೆಡ್ಜ್‌ವಿಕ್ ಬೀದಿಯ ಋಣ

ನ್ಯೂಯಾರ್ಕ್ ಮಹಾನಗರದ ಬ್ರಾಂಕ್ಸ್ ಭಾಗದಲ್ಲಿ, ಹಾರ್ಲೆಂ ನದಿಗೆ ಸಮೀಪವಾಗಿ ಹಾದುಹೋಗುವ ಸೆಡ್ಜ್‌ವಿಕ್ ಬೀದಿಯಲ್ಲಿ, ೧೫೨೦ ಎಂಬ ಸಂಖ್ಯೆಯನ್ನು ಹೊತ್ತ ಬಹುಮಹಡಿಯ ವಸತಿಗೃಹವೊಂದಿದೆ. ಸಾಧಾರಣ ಆದಾಯದ ಸಂಸಾರಗಳಿಗೆ ಮಿತವಾದ ಬಾಡಿಗೆಯಲ್ಲಿ ಆಶ್ರಯ ಕೊಡಲೆಂದು ಕಟ್ಟಿದ, ಶಿಲ್ಪದಲ್ಲಿ ಯಾವ ವೈಶಿಷ್ಟ್ಯವೂ ಇಲ್ಲದ ಆ ಕಟ್ಟಡದ ವಿನೋದ ಕೊಠಡಿಯಲ್ಲಿ, ೧೯೭೩ನೆಯ ಇಸವಿ ಆಗಸ್ಟ್ ೧೧ರ ರಾತ್ರಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ನೃತ್ಯಕೂಟವನ್ನು ಏರ್ಪಡಿಸಿದಳು. ಶಾಲೆ ಪುನಃ ತೆರೆಯುವ ಮುನ್ನ ಹೊಸ ಬಟ್ಟೆಗಳನ್ನು ಕೊಳ್ಳಲು ಹಣ ಕೂಡಿಸಬೇಕೆಂಬುದು ಅವಳ ಉದ್ದೇಶ. ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು ಪ್ರವೇಶಧನ. ಸಂಗೀತದ ಹೊಣೆಯನ್ನು ಹೊತ್ತವನು ಅವಳ ಅಣ್ಣ, ೧೮ ವರ್ಷದ ಕ್ಲೈವ್. ಗೆಳೆಯರ ಬಾಯಲ್ಲಿ ಕೂಲ್ ಹರ್ಕ್. ಇಂದು ಲೋಕವೆಲ್ಲ ಹಿಪ್ ಹಾಪ್ ಎಂದು ಕರೆಯುವ ಸಂಸ್ಕೃತಿ ತನ್ನ ವಯಸ್ಸನ್ನು ಎಣಿಸುವುದು ಆ ರಾತ್ರಿಯಿಂದ.

ಹುಟ್ಟಿದ ದಿನವನ್ನು ಹೇಳುವುದು ಸುಲಭ. ಹುಟ್ಟಿದ ನೆಲದ ಸ್ಥಿತಿಯನ್ನು ಅರಿಯದೆ ಆ ಕಲೆಯ ಸ್ವಭಾವ ತಿಳಿಯದು. ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿಯ ಸಂಕಲ್ಪದಂತೆ ೧೯೪೮ರಲ್ಲಿ ಆರಂಭವಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯು ಜನನಿಬಿಡವಾದ ಕೇರಿಗಳನ್ನು ಸೀಳಿಕೊಂಡು ಹೋಯಿತು; ಈಸ್ಟ್ ಟ್ರೆಮಾಂಟ್ ಎಂಬಲ್ಲಿ ಒಂದೇ ಒಂದು ಮೈಲಿಯ ದಾರಿಗಾಗಿ ೧೫೩೦ ಕುಟುಂಬಗಳು ಮನೆ ಬಿಡಬೇಕಾಯಿತು. ಅನುಕೂಲವಿದ್ದವರು ಉಪನಗರಗಳಿಗೆ ತೆರಳಿದರು. ಕಾರ್ಖಾನೆಗಳು ಬಾಗಿಲು ಹಾಕಿದುವು. ಬಾಡಿಗೆಗಿಂತ ವಿಮೆಯ ಹಣವೇ ಲಾಭಕರವೆಂದು ಕಂಡ ಕೆಲವು ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಇಡಿಸಿದರು. ನಗರದ ಬೊಕ್ಕಸ ಬರಿದಾದಂತೆ ಬೆಂಕಿಯನ್ನಾರಿಸುವ ಠಾಣೆಗಳೂ ಕಡಿಮೆಯಾದುವು. ೧೯೭೦ರಿಂದ ೧೯೮೦ರವರೆಗಿನ ದಶಕದಲ್ಲಿ ಬ್ರಾಂಕ್ಸಿನ ಏಳು ಜನಗಣತಿ ವಲಯಗಳಲ್ಲಿ ನೂರಕ್ಕೆ ೯೭ಕ್ಕೂ ಮಿಕ್ಕ ಕಟ್ಟಡಗಳು ಸುಟ್ಟೋ ಪಾಳುಬಿದ್ದೋ ಇಲ್ಲವಾದುವೆಂಬುದನ್ನು ನೆನೆದರೆ, ಯುದ್ಧವಿಲ್ಲದೆಯೂ ಊರೊಂದು ಯುದ್ಧಭೂಮಿಯಂತಾಗಬಲ್ಲುದೆಂಬುದು ಮನವರಿಕೆಯಾಗುತ್ತದೆ.

ಇಂಥ ನೆಲದಲ್ಲಿ ತರುಣರು ಗುಂಪು ಕಟ್ಟಿಕೊಂಡುದು ಸಹಜವೇ. ಒಂದು ಗುಂಪಿನ ಬೀದಿಯಲ್ಲಿ ಮತ್ತೊಂದರವನು ಕಾಲಿಟ್ಟರೆ ಜೀವಕ್ಕೆ ಅಪಾಯ. ೧೯೭೧ರ ಡಿಸೆಂಬರ್ ೨ರಂದು, ಗೆಟ್ಟೊ ಬ್ರದರ್ಸ್ ಎಂಬ ಗುಂಪಿನ ಪರವಾಗಿ ಸಂಧಿ ಮಾಡಿಸಲು ಹೋದ ಕಾರ್ನೆಲ್ ಬೆಂಜಮಿನ್ ಎಂಬ ತರುಣ ಹತನಾದನು. ಸೇಡಿಗೆ ಸೇಡು ಎಂದು ಬ್ರಾಂಕ್ಸ್ ರಕ್ತದಲ್ಲಿ ತೊಯ್ಯಬೇಕಾಗಿದ್ದ ಆ ಗಳಿಗೆಯಲ್ಲಿ, ಗುಂಪಿನ ಮುಖಂಡನೂ ಸ್ವತಃ ಗಾಯಕನೂ ಆಗಿದ್ದ ಬೆಂಜಿ ಮೆಲೆಂಡೆಸ್ ಪ್ರತೀಕಾರದ ಮಾತನ್ನು ತಡೆದನು. ಅದೇ ತಿಂಗಳ ೮ರಂದು ಹೋ ಅವೆನ್ಯೂವಿನ ಬಾಲಕರ ಸಂಘದ ಭವನದಲ್ಲಿ ಗುಂಪುಗಳ ನಾಯಕರೆಲ್ಲ ಎದುರುಬದುರಾಗಿ ಕುಳಿತು ಸಂಧಾನ ಮಾಡಿಕೊಂಡರು. ಆ ಶಾಂತಿ ಎಲ್ಲೆಡೆಯೂ ಬಹುಕಾಲ ನಿಲ್ಲಲಿಲ್ಲವಾದರೂ, ಒಂದು ಕೇರಿಯ ಹುಡುಗನು ಮತ್ತೊಂದು ಕೇರಿಯ ಕುಣಿತಕ್ಕೆ ಹೋಗಿ ಜೀವಸಹಿತ ಹಿಂದಿರುಗುವಷ್ಟು ಅವಕಾಶವನ್ನು ಅದು ಮಾಡಿಕೊಟ್ಟಿತು. ಆ ಅವಕಾಶವೇ ಸಿಂಡಿಯ ಕೂಟಕ್ಕೆ ಹಾಕಿದ ಚಪ್ಪರವೆಂದು ನಾನು ಭಾವಿಸುತ್ತೇನೆ.

ಕ್ಯಾಂಪ್‌ಬೆಲ್ ಕುಟುಂಬ ೧೯೬೭ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಿಂದ ವಲಸೆ ಬಂದುದು. ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ನಿಲ್ಲಿಸಿ ನೆರೆಹೊರೆಯನ್ನೆಲ್ಲ ಕುಣಿಸುವ ಪದ್ಧತಿ ಆ ದ್ವೀಪದಲ್ಲಿ ಬಳಕೆಯಲ್ಲಿದ್ದಿತು; ಕ್ಲೈವ್ ಅದನ್ನು ಬಾಲ್ಯದಲ್ಲಿಯೇ ಕಂಡಿದ್ದನು. ಬ್ರಾಂಕ್ಸಿನ ಕೂಟಗಳಲ್ಲಿ ಅವನು ಗಮನಿಸಿದುದೇನೆಂದರೆ, ಹಾಡುಗಾರಿಕೆ ನಿಂತು ತಾಳವಾದ್ಯವೊಂದೇ ಉಳಿಯುವ ಕೆಲವು ಕ್ಷಣಗಳಿಗಾಗಿಯೇ ಕುಣಿಯುವವರು ಕಾದಿರುತ್ತಿದ್ದರು. ಒಂದೇ ಗ್ರಾಮಫೋನ್ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಮತ್ತೊಂದರಲ್ಲಿ ಅದೇ ಭಾಗದ ಮೇಲೆ ಮುಳ್ಳಿಟ್ಟು, ಕ್ಷಣಗಳನ್ನು ನಿಮಿಷಗಳಾಗಿ ಬೆಳೆಸುವ ಉಪಾಯವನ್ನು ಅವನು ಕಂಡುಹಿಡಿದನು. ಆ ತುಣುಕಿಗೆ ‘ಬ್ರೇಕ್’ ಎಂದು ಹೆಸರು. ಅದಕ್ಕೆ ಕುಣಿಯುವವರು ‘ಬಿ-ಬಾಯ್’ಗಳಾದರು.

ಅವನ ಬಳಿಕ ಬಂದ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್, ಬಾರ್ಬಡೋಸಿನಲ್ಲಿ ಹುಟ್ಟಿ ಬ್ರಾಂಕ್ಸಿನ ವೃತ್ತಿಶಿಕ್ಷಣ ಶಾಲೆಯಲ್ಲಿ ವಿದ್ಯುತ್ ಯಂತ್ರಗಳ ಮರ್ಮವನ್ನು ಕಲಿತವನು, ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಆ ಗುರುತು ಎಷ್ಟು ಸುತ್ತು ಹಿಂದೆ ಬರಬೇಕೆಂದು ಗಡಿಯಾರದ ಮುಳ್ಳನ್ನು ನೋಡುವಂತೆ ನೋಡಿ, ಕೈಚಳಕವನ್ನು ಶಾಸ್ತ್ರವಾಗಿಸಿದನು. ಕೋಣೆಯಲ್ಲಿ ಗದ್ದಲವಾಯಿತೆಂದು ಗದರಿಸಲು ತಾಯಿ ಬಂದಾಗ ಥಿಯೊಡೋರ್ ಎಂಬ ಬಾಲಕ ತಿರುಗುವ ತಟ್ಟೆಯನ್ನು ಬೆರಳಿನಿಂದ ತಡೆಹಿಡಿದನಂತೆ. ಆಗ ಎದ್ದ ಕೆರೆತದ ನಾದವೇ ‘ಸ್ಕ್ರಾಚ್’ ಎಂಬ ವಾದನ ವಿಧಾನಕ್ಕೆ ಮೂಲವಾಯಿತು. ೧೯೭೫ರ ಹಣಕಾಸಿನ ಮುಗ್ಗಟ್ಟಿನಲ್ಲಿ ನಗರದ ಶಾಲೆಗಳು ಸಂಗೀತದ ಉಪಾಧ್ಯಾಯರನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, ವಾದ್ಯವನ್ನು ಕೊಳ್ಳಲಾರದ ಮಕ್ಕಳು ಸಂಗೀತವನ್ನು ಕೇಳಿಸುವ ಯಂತ್ರವನ್ನೇ ವಾದ್ಯವಾಗಿ ಮಾಡಿಕೊಂಡರು.

ಹರ್ಕನ ಗೆಳೆಯ ಕೋಕ್ ಲಾ ರಾಕ್ ಧ್ವನಿವರ್ಧಕದಲ್ಲಿ ಸ್ನೇಹಿತರ ಹೆಸರು ಹಿಡಿದು ಕೂಗುತ್ತಿದ್ದುದು, ಬರಬರುತ್ತ ಪ್ರಾಸಬದ್ಧವಾದ ಮಾತಾಗಿ, ತಾಳಕ್ಕೆ ಹೊಂದಿದ ಕಥನವಾಗಿ, ಎದುರಾಳಿಯನ್ನು ಸ್ಥಳದಲ್ಲಿಯೇ ಮಾತಿನಿಂದ ಗೆಲ್ಲುವ ಸ್ಪರ್ಧೆಯಾಗಿ ಬೆಳೆಯಿತು. ಲಾವಣಿ ಹಾಡುವ ಹರದೇಶಿ ನಾಗೇಶಿಯವರ ಸವಾಲು ಜವಾಬನ್ನು ಕೇಳಿ ಬೆಳಗು ಮಾಡಿದ ಉತ್ತರ ಕರ್ನಾಟಕದ ರಸಿಕರಿಗೆ ಈ ಸ್ಪರ್ಧೆಯ ಸೊಗಸನ್ನು ವಿವರಿಸಬೇಕಾಗಿಲ್ಲ. ೧೯೭೯ರಲ್ಲಿ ‘ರ್‍ಯಾಪರ್ಸ್ ಡಿಲೈಟ್’ ಎಂಬ ಧ್ವನಿಮುದ್ರಿಕೆಯೊಡನೆ ಈ ಬೀದಿಯ ಮಾತು ಅಂಗಡಿಯ ಸರಕಾಯಿತು. ೧೯೮೨ರ ‘ದಿ ಮೆಸೇಜ್’ ಎಂಬ ಗೀತೆ ಆ ಕೇರಿಗಳ ಸಂಕಟವನ್ನೇ ವಸ್ತುವನ್ನಾಗಿ ಮಾಡಿಕೊಂಡಿತು.

ನಗರವು ಈ ಕಲೆಯನ್ನು ಒಂದು ಕೈಯಿಂದ ತಳ್ಳಿ ಮತ್ತೊಂದು ಕೈಯಿಂದ ಕರೆದುದು ಚಿಂತನೀಯವಾದ ಸಂಗತಿ. ೧೯೮೧ರ ಆಗಸ್ಟಿನಲ್ಲಿ, ಸಂಗೀತ ನಾಟಕಗಳ ಮಹಾಮಂದಿರವಾದ ಲಿಂಕನ್ ಸೆಂಟರಿನ ಹೊರಾಂಗಣದ ಉತ್ಸವದಲ್ಲಿ ರಾಕ್ ಸ್ಟೆಡಿ ಕ್ರೂ ಮತ್ತು ಡೈನಮಿಕ್ ರಾಕರ್ಸ್ ಎಂಬ ನರ್ತಕರ ತಂಡಗಳು ಎದುರಾದುವು. ಅದೇ ವರ್ಷಗಳಲ್ಲಿ, ಈ ಸಂಸ್ಕೃತಿಯ ಮತ್ತೊಂದು ಅಂಗವಾದ ಬಣ್ಣದ ಚಿತ್ರಗಳನ್ನು ರೈಲು ಗಾಡಿಗಳ ಮೇಲೆ ಬಳಿದ ಹುಡುಗರನ್ನು ಪೋಲೀಸರು ಬೆನ್ನಟ್ಟುತ್ತಿದ್ದರು. ಚಿತ್ರ ಬಳಿದ ಕೊನೆಯ ಗಾಡಿಯನ್ನು ಹಳಿಯಿಂದ ತೆಗೆದೆವೆಂದು ಸಾರಿಗೆಯ ಅಧಿಕಾರಿಗಳು ೧೯೮೯ರ ಮೇ ೧೨ರಂದು ಸಾರಿದಾಗ, ಅಂಥ ಚಿತ್ರಗಳು ಚಿತ್ರಶಾಲೆಗಳ ಗೋಡೆಗಳಲ್ಲಿ ಬೆಲೆ ಪಡೆದು ಹಲವು ವರ್ಷಗಳಾಗಿದ್ದುವು.

ಸಿರಿ ಬಂದ ಮೇಲೆ ಕಲಾವಿದರು ಕೈಯೆತ್ತಿ ಕೊಟ್ಟುದೂ ಈ ಚರಿತ್ರೆಯ ಒಂದು ಅಧ್ಯಾಯ. ೧೯೮೭ರಲ್ಲಿ ಸ್ಕಾಟ್ ಲಾ ರಾಕ್ ಎಂಬ ಸಂಗೀತಗಾರ ಜಗಳ ಬಿಡಿಸಲು ಹೋಗಿ ಗುಂಡಿಗೆ ಬಲಿಯಾದನು. ಅವನ ಜೊತೆಗಾರನಾದ ಕೆ.ಆರ್.ಎಸ್.-ಒನ್ ಮುಂದಾಗಿ ಅನೇಕ ಪ್ರಸಿದ್ಧರನ್ನು ಕೂಡಿಸಿ, ೧೯೮೯ರಲ್ಲಿ ‘ಸೆಲ್ಫ್ ಡಿಸ್ಟ್ರಕ್ಷನ್’ ಎಂಬ ಗೀತೆಯನ್ನು ಹೊರತಂದು, ಅದರ ಆದಾಯವನ್ನು ನ್ಯಾಷನಲ್ ಅರ್ಬನ್ ಲೀಗ್ ಎಂಬ ಸಂಸ್ಥೆಗೆ ಒಪ್ಪಿಸಿದನು. ೨೦೦೩ರಲ್ಲಿ ಜೇ-ಜೀ ಎಂಬ ಕಲಾವಿದ ತನ್ನ ತಾಯಿಯೊಡನೆ ಬಡ ವಿದ್ಯಾರ್ಥಿಗಳ ವೇತನಕ್ಕಾಗಿ ಪ್ರತಿಷ್ಠಾನವನ್ನು ಸ್ಥಾಪಿಸಿದನು. ೨೦೧೭ರಲ್ಲಿ ಚಾನ್ಸ್ ಎಂಬ ಗಾಯಕ ತನ್ನೂರಾದ ಶಿಕಾಗೋವಿನ ಸರಕಾರಿ ಶಾಲೆಗಳಿಗೆ ೧೦ ಲಕ್ಷ ಡಾಲರುಗಳನ್ನು ಕೊಟ್ಟನು. ಪತ್ರಿಕೆಗಳು ಇದನ್ನು ದಾನವೆಂದು ಕೊಂಡಾಡಿದುವು. ನಮ್ಮ ಹಿರಿಯರು ಬಳಸುತ್ತಿದ್ದ ಋಣವೆಂಬ ಮಾತು ನನಗೆ ಇಲ್ಲಿ ಹೆಚ್ಚು ಯುಕ್ತವಾಗಿ ತೋರುತ್ತದೆ. ಕೇರಿಯ ಮಕ್ಕಳು ಬರಿಗೈಯಲ್ಲಿ ಕಟ್ಟಿದ ಕಲೆಯಿಂದ ಬಂದ ಸಂಪತ್ತು ಕೇರಿಯ ಮಕ್ಕಳಿಗೆ ಮರಳಿದರೆ ಅದು ಸಲ್ಲಬೇಕಾದವರಿಗೆ ಸಂದುದು.

ಈ ಋಣ ಎಲ್ಲೆಡೆಯೂ ತೀರಿತೆನ್ನುವಂತಿಲ್ಲ. ೨೦೦೭ರಲ್ಲಿ ಸೆಡ್ಜ್‌ವಿಕ್ ಬೀದಿಯ ಆ ಕಟ್ಟಡವನ್ನು ಹಿಪ್ ಹಾಪಿನ ಜನ್ಮಸ್ಥಳವೆಂದು ರಾಜ್ಯವು ಮನ್ನಿಸಿದ ಕಾಲದಲ್ಲಿಯೇ, ಬಾಡಿಗೆ ಏರಿ ಮನೆ ತಪ್ಪೀತೆಂಬ ಭಯದಲ್ಲಿದ್ದ ಅಲ್ಲಿನ ನಿವಾಸಿಗಳು ಹೋರಾಡುತ್ತಿದ್ದರು. ಹರ್ಕ್ ಅವರ ಪಕ್ಷದಲ್ಲಿ ನಿಂತನು. ೨೦೧೧ರಲ್ಲಿ ಅವನೇ ಕಾಯಿಲೆಯಿಂದ ಮಲಗಿದಾಗ, ಕೋಟ್ಯಂತರ ಡಾಲರುಗಳ ವ್ಯಾಪಾರಕ್ಕೆ ಬೀಜ ಬಿತ್ತಿದ ಆ ಮನುಷ್ಯನಿಗೆ ಆರೋಗ್ಯವಿಮೆಯೂ ಇಲ್ಲವೆಂಬುದು ಬಯಲಾಯಿತು. ಶಸ್ತ್ರಚಿಕಿತ್ಸೆಗೆ ಅಭಿಮಾನಿಗಳು ಹಣ ಕೂಡಿಸಿದರು.

೨೦೨೩ರ ಆಗಸ್ಟ್ ೧೧ರಂದು ಬ್ರಾಂಕ್ಸಿನ ಯಾಂಕೀ ಕ್ರೀಡಾಂಗಣದಲ್ಲಿ ಐವತ್ತನೆಯ ವರ್ಷದ ಉತ್ಸವ ನಡೆಯಿತು. ಆ ವೈಭವದ ಸುದ್ದಿಯನ್ನು ಓದುತ್ತ ನನ್ನ ಮನಸ್ಸು ಹಳೆಯ ಕೊಠಡಿಯ ಬಾಗಿಲಿಗೇ ಹೋಗಿ ನಿಂತಿತು. ಅಂದು ೨೫ ಸೆಂಟನ್ನು ಕೊಟ್ಟು ಒಳಗೆ ಹೋದ ಹುಡುಗಿ ತಾನು ಒಂದು ರಾತ್ರಿಯ ಕುಣಿತವನ್ನು ಕೊಂಡೆನೆಂದು ತಿಳಿದಿದ್ದಿರಬೇಕು. ತನ್ನಂತೆಯೇ ಬಡವಳಾದ ನೆರೆಯವಳೊಬ್ಬಳು ಹೊಸ ಬಟ್ಟೆಯುಟ್ಟು ಶಾಲೆಗೆ ಹೋಗುವುದಕ್ಕೆ ಆ ಚಿಲ್ಲರೆ ಕಾಸು ನೆರವಾಯಿತು. ಕೊಟ್ಟವಳ ಹೆಸರನ್ನು ಯಾರೂ ಬರೆದಿಡಲಿಲ್ಲ.