ಗುಡ್ಡ ಹತ್ತಿದ ಫಟಫಟಿ

ಹಳೆಯ ಜಾವಾ ಗಾಡಿಯ ಎಡಬದಿಯಲ್ಲಿ ಕಾಲಿಗೆ ಸಿಗುವುದು ಒಂದೇ ಪೆಡಲ್. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ಮಡಿಸಿದರೆ ಅದೇ ಗೇರ್. ಗೇರ್ ಅದುಮಿದಾಗ ಕ್ಲಚ್ ತಾನಾಗಿ ಬಿಡುತ್ತಿತ್ತು, ಕೈಯ ಕ್ಲಚ್ ಹಿಡಿಯಲೇಬೇಕೆಂದಿರಲಿಲ್ಲ. ಕಡಿದಾದ ಏರಿನಲ್ಲಿ, ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಮಗು, ಪಕ್ಕಕ್ಕೆ ಕಟ್ಟಿದ ಚೀಲ ಇರುವಾಗ, ಇದೆಷ್ಟು ದೊಡ್ಡ ಅನುಕೂಲ ಎಂಬುದು ಓಡಿಸಿದವರಿಗೇ ಗೊತ್ತು. ದಾವಣಗೆರೆ ಸೀಮೆಯ ಹಿರಿಯರು ಈ ಬಗೆಯ ಗಾಡಿಗಳನ್ನೆಲ್ಲ ಒಟ್ಟಿಗೆ ‘ಫಟಫಟಿ’ ಎಂದೇ ಕರೆದರು. ದೂರದ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಯಾರ ಗಾಡಿ ಬರುತ್ತಿದೆ ಎಂದು ಊರಿಗೆ ತಿಳಿಯುತ್ತಿತ್ತು.

ಗುಡ್ಡದ ದಾರಿಗೆ ಸಣ್ಣದೇ ಸರಿ ಎಂಬ ತಿಳಿವಳಿಕೆ ಮೋಟಾರಿನ ಕಾಲಕ್ಕಿಂತ ಬಹಳ ಹಿಂದಿನದು. ಆ ಹಳೆಯ ದಾರಿಯನ್ನು ಇದೇ ಸೀಮೆಯ ಸಂತೇಬೆನ್ನೂರಿನಿಂದ ಹಿಡಿಯೋಣ. ಅಲ್ಲಿನ ಪುಷ್ಕರಣಿಯ ಪಕ್ಕದಲ್ಲಿ ಜನ ಮುಸಾಫಿರಖಾನೆ ಎಂದು ಕರೆಯುವ ಕಟ್ಟಡವಿದೆ. ಆ ಹೆಸರಿನಲ್ಲೇ ದಾರಿಹೋಕರ ನೆನಪು ಉಳಿದಿದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಚನ್ನಗಿರಿ, ಅಡಿಕೆ ತೋಟಗಳು, ಆಮೇಲೆ ತರೀಕೆರೆ. ಸಂತೇಬೆನ್ನೂರು, ಬಸವಾಪಟ್ಟಣಗಳನ್ನು ಆಳಿದ ಪಾಳೆಯಗಾರರ ಮನೆತನವೂ ಕೊನೆಗೆ ಇದೇ ದಿಕ್ಕಿಗೆ ಸರಿದು ತರೀಕೆರೆಯಲ್ಲಿ ನೆಲೆನಿಂತಿತು. ತರೀಕೆರೆ ದಾಟಿ ಲಿಂಗದಹಳ್ಳಿಗೆ ಬಂದರೆ ನೆಲ ಏಳತೊಡಗುತ್ತದೆ: ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ, ಆಚೆಗೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ.

ಬಂಡಿ ಹೋಗದ ಈ ಏರುಗಳಲ್ಲಿ ಸರಕು ಸಾಗಿಸಿದ್ದು ಹೇರೆತ್ತು. ಅದನ್ನು ನಡೆಸಿದವರು ಲಂಬಾಣಿಗರು. ಇದೇ ಸೀಮೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಅವರ ಗುರು ಸಂತ ಸೇವಾಲಾಲರ ಜನ್ಮಸ್ಥಳ, ಅವರು ಹುಟ್ಟಿದ್ದು 1739ರಲ್ಲಿ. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡಿನಿಂದ ನಾಡಿಗೆ, ಘಟ್ಟದಿಂದ ಘಟ್ಟಕ್ಕೆ ನಡೆದವರು ಆ ಸಮುದಾಯದವರು. ಒಂದು ಎತ್ತಿನ ಎರಡು ಪಕ್ಕಕ್ಕೆ ಎರಡು ಚೀಲ, ನಡೆಯಲು ಒಂದು ಗೊರಸಿನಗಲದ ಜಾಡು. ಬಂಡಿ ಮುರಿದರೆ ಇಡೀ ಸರಕು ದಾರಿಯಲ್ಲೇ ನಿಲ್ಲುತ್ತದೆ, ಒಂದು ಎತ್ತು ಕುಂಟಿದರೆ ಅದರ ಹೇರನ್ನು ಉಳಿದವು ಹಂಚಿಕೊಳ್ಳುತ್ತವೆ. ಮುಂದೆ ಬೈಕಿನ ಕತೆಯಲ್ಲೂ ಇದೇ ಲೆಕ್ಕ ಮರಳಿ ಬರುತ್ತದೆ.

ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, ಅಂದರೆ 1834ರಿಂದ 1861ರವರೆಗೆ, ಮೈಸೂರು ಸೀಮೆಯ ರಸ್ತೆ ಮತ್ತು ಘಟ್ಟದ ದಾರಿಗಳ ಕೆಲಸ ಜೋರಾಗಿ ನಡೆಯಿತು. ಬಂಡಿಗಳು ಘಟ್ಟ ಇಳಿದವು. ಆದರೂ ತೋಟದೊಳಗಿನ, ಗುಡ್ಡದ ನೆತ್ತಿಯ ದಾರಿಗಳು ಜಾಡುಗಳಾಗಿಯೇ ಉಳಿದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರನ್ನು ಇಳಿಸಲು ರಸ್ತೆಯನ್ನು ನಂಬದೆ ಆಕಾಶದಲ್ಲಿ ಹಗ್ಗದ ದಾರಿಯನ್ನೇ ಕಟ್ಟಬೇಕಾಯಿತು ಎಂದರೆ ಆ ನೆಲದ ಏರು ಎಷ್ಟು ಕಡಿದಾದದ್ದೆಂದು ಊಹಿಸಬಹುದು.

ಇಂಥ ನಾಡಿಗೆ 1961ರಲ್ಲಿ ಮೈಸೂರಿನಿಂದ ಒಂದು ಗಾಡಿ ಬಂತು. ಮುಂಬಯಿಯಲ್ಲಿ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫಾರೂಕ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು, ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಜಾವಾ ಎಂಬ ಹೆಸರು ಜೆಕೊಸ್ಲೊವಾಕಿಯದ್ದು: ಯಾನೆಚೆಕ್ ಎಂಬ ಉದ್ಯಮಿಯ ಹೆಸರು ಮತ್ತು ವಾಂಡರರ್ ಎಂಬ ಜರ್ಮನ್ ಬೈಕಿನ ಹೆಸರುಗಳ ಮೊದಲಕ್ಷರಗಳು ಸೇರಿ 1929ರಲ್ಲಿ ಹುಟ್ಟಿದ್ದು. ಗುಡ್ಡ, ಕಾಡು, ಕೆಸರುಗಳಲ್ಲಿ ಆರು ದಿನ ನಡೆಯುವ ಅಂತರರಾಷ್ಟ್ರೀಯ ಸಿಕ್ಸ್ ಡೇಸ್ ಟ್ರಯಲ್ ಸ್ಪರ್ಧೆಯಲ್ಲಿ ಆ ದೇಶದ ತಂಡ 1970ರಿಂದ 1974ರವರೆಗೆ ಸತತ ಐದು ಸಲ ಟ್ರೋಫಿ ಗೆದ್ದಿತು. ಮೈಸೂರಿನಲ್ಲಿ ತಯಾರಾದದ್ದು ಸ್ಪರ್ಧೆಯ ಬೈಕಲ್ಲ, ಸಂಸಾರದ ಗಾಡಿ. ಆದರೂ ಎರಡರ ವಂಶ ಒಂದೇ.

ಎಂಜಿನ್ 250 ಸಿಸಿ, ಒಂದು ಸಿಲಿಂಡರ್, ಟೂ ಸ್ಟ್ರೋಕ್. ಎರಡು ಸೈಲೆನ್ಸರ್. ಶಕ್ತಿ ಸುಮಾರು 12 ಅಶ್ವಶಕ್ತಿ. ಈಗಿನ ಲೆಕ್ಕದಲ್ಲಿ ಇದು ತೀರ ಕಡಿಮೆ ಎನ್ನಿಸಬಹುದು. ಆದರೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುತ್ತ ತಾನೇ ಬಾಗಿಲು ತೆರೆದು ಮುಚ್ಚುತ್ತದೆ. ಪೆಟ್ರೋಲಿಗೆ ಅಳತೆಯಂತೆ ಆಯಿಲ್ ಬೆರೆಸಿ ಅಲ್ಲಾಡಿಸಿ ಹಾಕಬೇಕು. ಆಯಿಲ್ ಹೆಚ್ಚಾದರೆ ಪ್ಲಗ್ ಕಪ್ಪಾಗಿ ಗಾಡಿ ನಿಲ್ಲುತ್ತದೆ, ಕಡಿಮೆಯಾದರೆ ಏರಿನ ನಡುವೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸವಾರನ ಜೇಬಿನಲ್ಲಿ ಒಂದು ಹೆಚ್ಚಿನ ಪ್ಲಗ್, ಪಾಯಿಂಟ್ ಒರೆಸಲು ಒಂದು ತುಂಡು ಮರಳುಕಾಗದ, ಒಂದು ಪ್ಲಗ್ ಸ್ಪ್ಯಾನರ್ ಇದ್ದರೆ ಅರ್ಧ ವರ್ಕ್‌ಶಾಪ್ ಜೊತೆಗಿದ್ದಂತೆ. ಮಳೆಯಲ್ಲಿ ರಸ್ತೆ ಪಕ್ಕ ಕೂತು ಪ್ಲಗ್ ಬಿಚ್ಚಿ, ಅಂಗಿಯ ಅಂಚಿನಿಂದ ಒರೆಸಿ, ಬಾಯಿಂದ ಊದಿ, ಮತ್ತೆ ತಿರುಪಿ, ಒಂದೇ ಕಿಕ್ಕಿಗೆ ಗಾಡಿ ಹೊತ್ತಿಸಿದ ಹೆಮ್ಮೆಯನ್ನು ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಇವತ್ತಿಗೂ ಹೇಳುತ್ತಾರೆ. ಗುಡ್ಡದ ಗಾಡಿಗೆ ಬೇಕಾದ ಮೊದಲ ಗುಣ ಇದು. ಕೆಟ್ಟರೆ ಕೆಟ್ಟಲ್ಲೇ ಸರಿಯಾಗಬೇಕು, ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸುವಷ್ಟು ಹಗುರ ಇರಬೇಕು.

1973ರಲ್ಲಿ ಮೈಸೂರಿನ ಜಾವಾದ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು, 16 ಅಶ್ವಶಕ್ತಿಯೊಂದಿಗೆ. ಅದೇ ದಶಕಗಳಲ್ಲಿ ಪೋಲೆಂಡ್ ಮೂಲದ ರಾಜದೂತ್ ಹಳ್ಳಿಗಳಿಗೆ ಹಾಲಿನ ಕ್ಯಾನು ಹೊತ್ತು ಓಡಿತು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಬಂದಾಗ, ಬೈಕ್ ಕೊಳ್ಳಲಾಗದ ಮನೆಗೂ ಮೋಟಾರು ಸಿಕ್ಕಿತು. ಅದರ ವಂಶದ ಎಕ್ಸ್‌ಎಲ್ ಗಾಡಿ ಚನ್ನಗಿರಿಯ ಅಡಿಕೆ ತೋಟದ ಬದುವಿನ ಮೇಲೂ ಸಾಗುತ್ತದೆ, ಗೊನೆ ತುಂಬಿದ ಚೀಲ ಮುಂದೆ, ಏಣಿ ಪಕ್ಕಕ್ಕೆ. ಇದನ್ನು ಯಾರೂ ಸಾಹಸದ ಗಾಡಿ ಎನ್ನಲಿಲ್ಲ. ಹೇರೆತ್ತಿನ ನಿಜವಾದ ವಾರಸುದಾರ ಮಾತ್ರ ಇದೇ.

1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಇನ್ನೊಂದು ಪಾಠ ಕಲಿಸಿತು. 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕೆಜಿಯ ಆಸುಪಾಸು. ಶಕ್ತಿಯನ್ನು ತೂಕದಿಂದ ಭಾಗಿಸಿ ನೋಡಿ, ತನಗಿಂತ ಎರಡೂವರೆ ಪಟ್ಟು ದೊಡ್ಡ ಎಂಜಿನ್ನಿನ ಹಳೆಯ ಜಾವಾವನ್ನು ಅದು ಏರಿನಲ್ಲಿ ಹಿಂದೆ ಹಾಕುವುದು ಏಕೆಂದು ತಿಳಿಯುತ್ತದೆ. ಮಲೆನಾಡಿನ ಹುಡುಗರಿಗೆ ಆ ಗಾಡಿಯ ಹುಚ್ಚು ಇನ್ನೂ ಬಿಟ್ಟಿಲ್ಲ.

ಡಾಂಬರಿನ ಮೇಲೂ ಮಣ್ಣಿನ ಜಾಡಿನಲ್ಲೂ ಓಡಬೇಕೆಂದೇ ರೂಪಿಸಿದ ಬೈಕು, ಈಗ ಡ್ಯುಯಲ್ ಸ್ಪೋರ್ಟ್ ಎನ್ನುವ ಜಾತಿ, ಹೊರದೇಶಗಳಲ್ಲಿ ಜನಪ್ರಿಯವಾದದ್ದು 1968ರಲ್ಲಿ ಯಮಾಹಾ ಡಿಟಿ-1 ಬಂದ ಮೇಲೆ. ಅದೂ 250 ಸಿಸಿಯ ಟೂ ಸ್ಟ್ರೋಕ್. ಮುಂದಿನ ಚಕ್ರ ದೊಡ್ಡದು, ಹ್ಯಾಂಡಲ್ ಅಗಲ, ಸೈಲೆನ್ಸರ್ ಮೇಲೆತ್ತಿ ಕಟ್ಟಿದ್ದು, ಹೊಟ್ಟೆ ನೆಲದಿಂದ ಎತ್ತರ. ನಮ್ಮಲ್ಲಿ ಅಂಥದ್ದು ಬರಲು ನಾಲ್ಕು ದಶಕವೇ ಬೇಕಾಯಿತು. ಅಲ್ಲಿಯವರೆಗೆ ಸಂಸಾರದ ಗಾಡಿಯೇ ಗುಡ್ಡದ ಗಾಡಿ.

ಅಷ್ಟರಲ್ಲಿ ಹೊಗೆಯ ನಿಯಮಗಳು ಬಿಗಿಯಾದವು, ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕುಗಳು ಮೈಲೇಜಿನಿಂದ ಮನೆ ಗೆದ್ದವು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮೈಸೂರಿನ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತಿತ್ತು. ಊರಿನ ಬೈಕ್ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಹೆಸರು ಗೇಟಿನ ಬೀಗದೊಂದಿಗೆ ನಿಂತುಹೋಯಿತು. ಮುಚ್ಚಿದ ಮೇಲೂ ಗಾಡಿಗಳನ್ನು ಉಳಿಸಿದವರು ಮೆಕ್ಯಾನಿಕ್‌ಗಳು ಮತ್ತು ಹಠ ಬಿಡದ ಮಾಲೀಕರು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಅವರು ಜಾವಾ ದಿನ ಆಚರಿಸುತ್ತಾರೆ, ಬೀದಿಯಲ್ಲಿ ಹಳೆಯ ಸದ್ದು ಮತ್ತೆ ಕೇಳುತ್ತದೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪನಿಯಿಂದ ಮರಳಿ ಬಂದಿವೆ. ಹೊಸ ಯೆಜ್ಡಿಗಳಲ್ಲಿ ಒಂದರ ಹೆಸರೇ ಅಡ್ವೆಂಚರ್.

ನಮ್ಮಲ್ಲಿ ಅಗ್ಗದ ನಿಜವಾದ ಡ್ಯುಯಲ್ ಸ್ಪೋರ್ಟ್ ಮೊದಲು ಬಂದದ್ದು 2011ರಲ್ಲಿ, ಹೀರೊ ಇಂಪಲ್ಸ್ ರೂಪದಲ್ಲಿ: 150 ಸಿಸಿ, 13 ಅಶ್ವಶಕ್ತಿ. ಕೊಳ್ಳುವವರು ಕಡಿಮೆಯಾಗಿ ಕೆಲವೇ ವರ್ಷಗಳಲ್ಲಿ ನಿಂತಿತು. ಬೇಗ ಹುಟ್ಟಿದ ಗಾಡಿ ಅದು. 2016ರಲ್ಲಿ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂದು ಪರ್ವತದ ಆಸೆಯನ್ನು ಮನೆಮನೆಗೆ ಹಬ್ಬಿಸಿತು. 2019ರಲ್ಲಿ ಒಂದು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಹೀರೊದ್ದೇ ಎಕ್ಸ್‌ಪಲ್ಸ್ 200 ಸಿಕ್ಕಿತು: ನೆಲದಿಂದ 220 ಮಿಲಿಮೀಟರ್ ಎತ್ತರ, ಮುಂದೆ 21 ಇಂಚಿನ ಚಕ್ರ, ತೂಕ 154 ಕೆಜಿ.

ಎತ್ತರ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಮುಳ್ಳಯ್ಯನಗಿರಿಯ ಎತ್ತರದಲ್ಲೇ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಲಡಾಖ್‌ನ ಖರ್ದುಂಗ್ ಲಾ 5,359 ಮೀಟರ್, ಅಲ್ಲಿ ಒತ್ತಡ ಹೆಚ್ಚುಕಡಿಮೆ ಅರ್ಧ. 18 ಅಶ್ವಶಕ್ತಿಯ ಗಾಡಿ ಅಲ್ಲಿ ಹತ್ತರ ಹತ್ತಿರ ಬಂದು ನಿಲ್ಲುತ್ತದೆ. ಕಾರ್ಬ್ಯುರೇಟರಿಗೆ ಗಾಳಿ ತೆಳುವಾದದ್ದು ಗೊತ್ತಾಗುವುದಿಲ್ಲ, ಗಾಳಿ ಕಡಿಮೆಯಾದಷ್ಟು ಪೆಟ್ರೋಲ್ ಕಡಿಮೆಯಾಗುವುದಿಲ್ಲ, ಗಾಡಿ ಕಪ್ಪು ಹೊಗೆ ಉಗುಳಿ ತೇಕುತ್ತದೆ. ಹಳೆಯ ಸವಾರರು ಸಣ್ಣ ಜೆಟ್ ಹಾಕಿ, ಏರ್ ಸ್ಕ್ರೂ ತಿರುವಿ ದಾಟಿಕೊಳ್ಳುತ್ತಿದ್ದರು. ಫ್ಯುಯೆಲ್ ಇಂಜೆಕ್ಷನ್ ಗಾಳಿಯ ಒತ್ತಡ ಅಳೆದು ಪೆಟ್ರೋಲ್ ತಾನೇ ಕಡಿಮೆ ಮಾಡುತ್ತದೆ, ಆದರೆ ಕೈಕೊಟ್ಟರೆ ಮರಳುಕಾಗದದಿಂದ ಸರಿಹೋಗುವುದಿಲ್ಲ.

ಹಗುರ ಬೈಕಿನ ಪರ ವಾದ ದೊಡ್ಡ ಅಖಾಡದಲ್ಲೂ ಗೆದ್ದಿದೆ. ಡಾಕರ್ ರ‍್ಯಾಲಿಯಲ್ಲಿ 2011ರಿಂದ 450 ಸಿಸಿ ಮೀರಿದ ಬೈಕುಗಳಿಗೆ ಅವಕಾಶವಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಅವರೇ. ಆ ವರ್ಷ ದಾರಿ ಆಂಡೀಸ್ ಹತ್ತಿ ಬೊಲಿವಿಯಾದ ಊಯೂನಿ ಉಪ್ಪಿನ ಬಯಲನ್ನು ಮುಟ್ಟಿತ್ತು, ಸುಮಾರು 3,600 ಮೀಟರ್ ಎತ್ತರದಲ್ಲಿ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದರು.

ಮತ್ತೆ ನಮ್ಮ ಮುಳ್ಳಯ್ಯನಗಿರಿಗೆ ಬಂದರೆ, ಈಗ ಅಲ್ಲಿನ ಕಷ್ಟ ಬೇರೆ. ವಾರಾಂತ್ಯದಲ್ಲಿ ಗಿರಿಯ ದಾರಿಯ ಕೈಮರದ ಚೆಕ್‌ಪೋಸ್ಟಿನಲ್ಲಿ ಗಾಡಿಗಳ ಸಾಲು. ಮಣ್ಣಿನಲ್ಲಿ ಓಡುವ ಬೈಕ್ ಇದೆಯೆಂದು ಹುಲ್ಲುಗಾವಲಿಗೆ ಇಳಿದರೆ ಆ ಚಕ್ರದ ಗೆರೆಯೇ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಶೋಲಾ ಕಾಡಿಗೆ ನೀರುಣಿಸುವ ಹುಲ್ಲು ಬೇರುಸಹಿತ ಕೊಚ್ಚಿ ಹೋಗುತ್ತದೆ. ಈ ಗುಡ್ಡದಲ್ಲಿ ಎತ್ತು ನಡೆಸಿದವರಿಗೆ ಇದ್ದ ಎಚ್ಚರ ಬೈಕ್ ಓಡಿಸುವವರಿಗೂ ಬೇಕು. ಜಾಡು ಬಿಟ್ಟು ಇಳಿಯುವ ಹಕ್ಕು ಯಾವ ಗಾಡಿಗೂ ಇಲ್ಲ.

ಮುಳ್ಳಯ್ಯನಗಿರಿಯ ರಸ್ತೆ ನೆತ್ತಿಯವರೆಗೆ ಹೋಗುವುದಿಲ್ಲ. ಕೊನೆಯ ತಿರುವಿನಲ್ಲಿ ಎಕ್ಸ್‌ಪಲ್ಸ್, ಬುಲೆಟ್, ಹಳೆಯ ಯೆಜ್ಡಿ, ಎಲ್ಲವೂ ಸ್ಟ್ಯಾಂಡ್ ಹಾಕಿ ನಿಲ್ಲುತ್ತವೆ. ಮುಂದೆ ಮುಳ್ಳಪ್ಪಸ್ವಾಮಿಯ ಗುಡಿಯವರೆಗೆ ಮೆಟ್ಟಿಲು. ಹೆಲ್ಮೆಟ್ ಕೈಯಲ್ಲಿ ಹಿಡಿದು ಎಲ್ಲರೂ ನಡೆದೇ ಹತ್ತುತ್ತಾರೆ.