ಸತಿ ಸುಲೋಚನ (ಚಲನಚಿತ್ರ)

ಕನ್ನಡದ ಮೊದಲ ವಾಕ್ಚಿತ್ರ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಇಂದು ಇದರ ಒಂದು ಪ್ರತಿಯೂ ಲಭ್ಯವಿಲ್ಲ.

ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ ಇದನ್ನು ನಿರ್ಮಿಸಿದರು. ನಿರ್ದೇಶಕರು ವೈ. ವಿ. ರಾವ್, ಲಕ್ಷ್ಮಣನ ಪಾತ್ರವೂ ಅವರದೇ. ಸಂಭಾಷಣೆ, ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿ. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ ನಟಿಸಿದರು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ನಾಟಕ ಕಂಪನಿಯಲ್ಲಿ ಪಳಗಿದವರು. ರಂಗದ ಮೇಲಿನ ಕನ್ನಡ ಮಾತು ಬೆಳ್ಳಿತೆರೆಗೆ ಮೊದಲ ಬಾರಿ ಹೇಗೆ ದಾಟಿತು ಎಂಬುದನ್ನು ಕೇಳಿ ತಿಳಿಯಲು ಈ ಚಿತ್ರವೊಂದೇ ದಾರಿಯಾಗಿತ್ತು. ಇದರ ನಷ್ಟದಲ್ಲಿ ಅತಿ ದೊಡ್ಡ ಪಾಲು ಅದೇ.

ಕರ್ನಾಟಕದಲ್ಲಿ ಆಗ ಮಾತಿನ ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್‌ನಲ್ಲಿ. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು; ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಹೀಗೆ ಕನ್ನಡದ ನೆಲವೇ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ಮರಾಠಿ ಸೀಮೆಯ ಸ್ಟುಡಿಯೋದಲ್ಲಿ ಕನ್ನಡ ಚಿತ್ರ ಹುಟ್ಟಿತು. ಈಗಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಅದೇ ದಶಕದಲ್ಲಿ ಮುಂಬಯಿಯ ಚಿತ್ರರಂಗ ಸೇರಿದ್ದಕ್ಕೂ ಇದೇ ಹಿನ್ನೆಲೆ. ಅವರ ದನಿ 'ಕಿಸ್ಮತ್' (1943) ಚಿತ್ರದಲ್ಲಿ ಇಂದಿಗೂ ಕೇಳಸಿಗುತ್ತದೆ.

ಕನ್ನಡದ ವಾಕ್ಚಿತ್ರಗಳಲ್ಲಿ ಮೊದಲು ಚಿತ್ರೀಕರಣ ಆರಂಭಿಸಿದ್ದು 'ಭಕ್ತ ಧ್ರುವ'. ಬಿಡುಗಡೆಯಲ್ಲಿ 'ಸತಿ ಸುಲೋಚನ' ಮುಂದಾಯಿತು.

ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿ ಸುಲಭವಾಗಿ ತಗಲುತ್ತಿತ್ತು; ಸೆಖೆ, ತೇವಕ್ಕೆ ಅದು ಅಂಟಾಗಿ, ಕೊನೆಗೆ ಪುಡಿಯಾಗುತ್ತಿತ್ತು. ಪ್ರದರ್ಶನ ಮುಗಿದ ರೀಲುಗಳಿಂದ ಬೆಳ್ಳಿ ತೆಗೆದು ಮಾರುವುದೂ ರೂಢಿಯಲ್ಲಿತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಈ ಚಿತ್ರ ತೆರೆಕಂಡು ಮೂವತ್ತು ವರ್ಷಗಳಾದ ಮೇಲೆ. ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' (1931) ಕೂಡ ಕಳೆದುಹೋಗಿದೆ. ಬ್ರಿಟನ್ನಿನಲ್ಲೂ ಇಂಥದೇ ನಷ್ಟ: ಅಲ್ಲಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಕಣ್ಮರೆಯಾದ 75 ಚಿತ್ರಗಳ ಪಟ್ಟಿ ಹೊರಡಿಸಿ, ಹುಡುಕಿಕೊಡುವಂತೆ ಜನರನ್ನೇ ಕೇಳಿತು. ಕನ್ನಡಕ್ಕೂ ಅಂಥ ಪಟ್ಟಿಯೊಂದು ಬೇಕು. 'ಸತಿ ಸುಲೋಚನ'ದ ಹೆಸರು ಅದರಲ್ಲಿ ಮೊದಲಿರಬೇಕು.