ರ‍್ಯಾಮ್ ಅಸ್ಥಿರತೆ
ರ‍್ಯಾಮ್ ಅಸ್ಥಿರತೆ ಎಂದರೆ ಗಣಕಯಂತ್ರದ ಮುಖ್ಯ ಸ್ಮೃತಿಯು ತನ್ನಲ್ಲಿ ಬರೆದ ದತ್ತಾಂಶವನ್ನು ಬರೆದಂತೆಯೇ ಮರಳಿಸದ ಸ್ಥಿತಿ. ಡೆಸ್ಕ್‌ಟಾಪ್‌ಗೆ ಹೆಚ್ಚುವರಿ ಮಾಡ್ಯೂಲ್ ಅಳವಡಿಸಿದ ಬಳಿಕ ಇದು ಕಾಣಿಸಿಕೊಳ್ಳುವುದುಂಟು. ನೀಲಿ ಪರದೆ ಮತ್ತು ತಾನಾಗಿ ಆಗುವ ಮರುಚಾಲನೆ ಇದರ ಪರಿಚಿತ ಲಕ್ಷಣಗಳು. ಕಡತಗಳು ಸದ್ದಿಲ್ಲದೆ ಕೆಡುವುದು ಇವೆರಡಕ್ಕಿಂತಲೂ ಅಪಾಯಕಾರಿ.

ಕಾರಣಗಳು
ಹೊಸ ಮಾಡ್ಯೂಲ್ ದೋಷಯುಕ್ತವಾಗಿರಲೇಬೇಕೆಂದಿಲ್ಲ. ಒಂದೇ ಚಾನೆಲ್‌ನಲ್ಲಿ ಎರಡು ಮಾಡ್ಯೂಲ್‌ಗಳಿದ್ದಾಗ ಪ್ರೊಸೆಸರ್‌ನೊಳಗಿನ ಸ್ಮೃತಿ ನಿಯಂತ್ರಕದ ಮೇಲಿನ ವಿದ್ಯುತ್ ಹೊರೆ ಹೆಚ್ಚಿ, ಸಂಕೇತಗಳ ಸ್ಪಷ್ಟತೆ ಕುಗ್ಗುತ್ತದೆ. ಎಎಮ್‌ಡಿ ರೈಜೆನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎರಡು ಡಿಡಿಆರ್5 ಮಾಡ್ಯೂಲ್‌ಗಳಿದ್ದಾಗ ಅಧಿಕೃತ ವೇಗಮಿತಿ ಸೆಕೆಂಡಿಗೆ 5200 ಮೆಗಾವರ್ಗಾವಣೆಗಳು. ನಾಲ್ಕಿದ್ದಾಗ 3600 ಮಾತ್ರ. ಎಕ್ಸ್‌ಎಂಪಿ, ಎಕ್ಸ್‌ಪೋ ಪ್ರೊಫೈಲ್‌ಗಳು ಈ ಮಿತಿಯನ್ನು ಮೀರಿದಾಗ ಅದು ಓವರ್‌ಕ್ಲಾಕಿಂಗ್ ಎನಿಸುತ್ತದೆ. ಒಂದೇ ಮಾದರಿಯ ಎರಡು ಕಿಟ್‌ಗಳನ್ನು ಕೂಡಿಸಿದರೂ ಹೊಂದಾಣಿಕೆ ಖಚಿತವಲ್ಲ.

ಪತ್ತೆ ಮತ್ತು ಪರಿಹಾರ
ಬಯಾಸ್‌ನಲ್ಲಿ ಈ ಪ್ರೊಫೈಲನ್ನು ನಿಷ್ಕ್ರಿಯಗೊಳಿಸಿ, ಕ್ರಿಸ್ ಬ್ರೇಡಿ 1994ರಲ್ಲಿ ರಚಿಸಿದ ಮೆಮ್‌ಟೆಸ್ಟ್86ನಂತಹ ತಂತ್ರಾಂಶದಿಂದ ಪರೀಕ್ಷಿಸುವುದು ಮೊದಲ ಹೆಜ್ಜೆ. ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ. ದೋಷ ಮಾಯವಾದರೆ ಹಿಂದಿನ ವೇಗ ಅಥವಾ ಟೈಮಿಂಗ್ ಕಾರಣವೆಂದು ತಿಳಿಯಬಹುದು. ಆಗ ವೇಗವನ್ನು ತಗ್ಗಿಸಿಯೇ ಬಳಸಬೇಕಾಗುತ್ತದೆ. ಉಳಿದರೆ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಒಂದೇ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಲಾಗುತ್ತದೆ. ದೋಷವು ಮಾಡ್ಯೂಲಿನೊಂದಿಗೆ ಸಾಗಿದರೆ ಅದನ್ನು ಬದಲಿಸಬೇಕು. ಸ್ಲಾಟ್‌ನಲ್ಲೇ ಉಳಿದರೆ ಸಂಶಯ ಮದರ್‌ಬೋರ್ಡ್ ಅಥವಾ ಪ್ರೊಸೆಸರ್‌ನತ್ತ ತಿರುಗುತ್ತದೆ.